ಮರಿ ಮಲಗಿತೋ, ಸುಮ್ಮನಾಯಿತೋ

ಓಬಳೇಶ ಆಶ್ರಮಕ್ಕೆ ಬಂದು ಒಂಬತ್ತು ತಿಂಗಳಾಗಿತ್ತು. ಅಷ್ಟು ದಿನದಲ್ಲಿ ಅವನಿಗೆ ಸಿಟ್ಟು ಬಂದದ್ದನ್ನು ಯಾರೂ ನೋಡಿರಲಿಲ್ಲ. ನಾಯಿಮರಿ ಬಂದ ದಿನ ನೋಡಿದರು.

ಆಶ್ರಮ ಅಂದರೆ ದೊಡ್ಡದೇನಲ್ಲ. ಹೊಳೆಯ ದಂಡೆಯಲ್ಲಿ ನಾಲ್ಕು ಕೋಣೆ, ಒಂದು ಅಡುಗೆಮನೆ, ಸುತ್ತ ಎದೆಮಟ್ಟದ ಕಲ್ಲುಗೋಡೆ. ಗುರು ಸೂರಮ್ಮನವರಿಗೆ ಎಪ್ಪತ್ತಾರು ವರ್ಷ. ಬಂದವರೆಲ್ಲ ಅವರನ್ನು ಅಮ್ಮ ಅಂತಲೇ ಕರೆಯುತ್ತಿದ್ದರು. ಅಡುಗೆಗೆ ಮಾರಕ್ಕ ಇದ್ದಳು.

ಓಬಳೇಶನಿಗೆ ನಲವತ್ತೆಂಟು. ಹತ್ತೊಂಬತ್ತು ವರ್ಷ ಜೈಲಿನಲ್ಲಿ ವಾರ್ಡರ್ ಆಗಿದ್ದವನು. ಒಂದು ದಿನ ರಾಜೀನಾಮೆ ಬರೆದುಕೊಟ್ಟು, ಯಾಕೆ ಅಂತ ಒಡಹುಟ್ಟಿದ ಅಣ್ಣನಿಗೂ ಹೇಳದೆ ಇಲ್ಲಿಗೆ ಬಂದುಬಿಟ್ಟಿದ್ದ. ಅಮ್ಮನೂ ಕೇಳಿರಲಿಲ್ಲ. ನೀರು ಸೇದುತ್ತಿದ್ದ, ಕಸ ಗುಡಿಸುತ್ತಿದ್ದ, ಸಂಜೆ ಹೊಳೆಯ ಕಡೆ ಮುಖ ಮಾಡಿ ಕೂರುತ್ತಿದ್ದ.

ಆ ಸಂಜೆ ಕುರಿ ಕಾಯುವವನೊಬ್ಬ ಕಂಬಳಿಯ ಮಡಿಲಲ್ಲಿ ಒಂದು ಮರಿ ತಂದ.

"ತಾಯಿ ಲಾರಿಗೆ ಸಿಕ್ಕಿತಮ್ಮ. ಉಳಿದಿದ್ದು ಇದೊಂದೇ. ಎರಡು ತಿಂಗಳಾಗಿದೆ. ಸಾಕ್ಕೊಳಿ," ಅಂದ.

ಅಮ್ಮ ಮರಿಯನ್ನು ಎತ್ತಿಕೊಂಡರು. ಓಬಳೇಶನ ಕಡೆ ತಿರುಗಿ, ಉಗ್ರಾಣದಲ್ಲಿದ್ದ ಗೂಡನ್ನು ತರಲು ಹೇಳಿದರು. ಮೂರು ಕಡೆ ಹಲಗೆ, ಮುಂದುಗಡೆ ಕಬ್ಬಿಣದ ಜಾಲರಿ, ಅದಕ್ಕೊಂದು ಪುಟ್ಟ ಬಾಗಿಲು, ಚಿಲಕ. ಅವನು ಹೊತ್ತುಕೊಂಡು ಬಂದ.

"ಇವತ್ತಿನಿಂದ ರಾತ್ರಿ ಮರಿನ ಈ ಗೂಡಲ್ಲಿ ಮಲಗಿಸೋ ಕೆಲಸ ನಿಂದು," ಅಂದರು ಅಮ್ಮ.

ಓಬಳೇಶ ಗೂಡನ್ನು ಧೊಪ್ಪೆಂದು ನೆಲಕ್ಕೆ ಹಾಕಿದ.

"ನನ್ನ ಕೈಲಿ ಆಗಲ್ಲ."

"ಯಾಕೆ?"

"ಇದು ಗೂಡಲ್ಲ ಅಮ್ಮಾ, ಬೋನು. ಹತ್ತೊಂಬತ್ತು ವರ್ಷ ನಾನು ಮಾಡಿದ್ದು ಇದನ್ನೇ. ಒಳಗೆ ಹಾಕೋದು, ಚಿಲಕ ಹಾಕೋದು. ಇನ್ನು ಸಾಕು ಅಂತ ಇಲ್ಲಿಗೆ ಬಂದೆ. ಆಶ್ರಮದಲ್ಲೂ ಒಂದು ಸೆಲ್ ಇಟ್ಟಿದೀರಲ್ಲ, ನಿಮಗೆ ಇದು ಸರಿ ಕಾಣುತ್ತಾ?"

ಮಾರಕ್ಕ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಅಮ್ಮನ ಎದುರು ಯಾರೂ ಹೀಗೆ ದನಿ ಎತ್ತಿದ್ದಿಲ್ಲ.

"ಹೊಳೆ ಆಚೆಯಿಂದ ಚಿರತೆ ಬರುತ್ತೆ," ಅಂದರು ಅಮ್ಮ. "ಹೋದ ವರ್ಷ ಇದೇ ಅಂಗಳದಿಂದ ನಮ್ಮ ನಾಯಿನ ಎತ್ತಿಕೊಂಡು ಹೋಯ್ತು. ಆಮೇಲೆ ಮಾಡಿಸಿದ್ದು ಈ ಗೂಡು."

"ನಿನ್ನ ಒಳ್ಳೇದಕ್ಕೇ ಅಂತ ಅಲ್ಲೂ ಹೇಳ್ತಿದ್ದರು. ಒಳಗೆ ಹಾಕೋರೆಲ್ಲ ಹೇಳೋ ಮಾತೇ ಅದು."

"ಆ ಮಾತು ನಿಜ," ಅಂದರು ಅಮ್ಮ. ಅಂದು, ಮರಿಯನ್ನು ಅವನ ಕೈಗೆ ಕೊಟ್ಟು ಎದ್ದು ಹೋದರು.

ಬೆಚ್ಚಗಿನ ಸಣ್ಣ ಹೊಟ್ಟೆ ಅವನ ಅಂಗೈಯಲ್ಲಿ ಏರಿಳಿಯುತ್ತಿತ್ತು. ಓಬಳೇಶನಿಗೆ ಮೈಯೆಲ್ಲ ಉರಿದುಹೋಯಿತು.

*

ರಾತ್ರಿ ಊಟವಾದ ಮೇಲೆ ಅವನು ಗೂಡನ್ನು ಜಗಲಿಯ ಮೇಲಿಟ್ಟು ಮರಿಯನ್ನು ಅದಕ್ಕೆ ಹಾಕಿದ. ಚಿಲಕ ಹಾಕಿದ. ತಿರುಗಿ ನೋಡದೆ ತನ್ನ ಕೋಣೆಗೆ ನಡೆದ. ಈ ಕೆಲಸ ಮಾಡುವುದು ಹೇಗೆಂದು ಅವನ ಕಾಲುಗಳಿಗೆ ಗೊತ್ತಿತ್ತು.

ಮರಿ ಅಳತೊಡಗಿತು.

ಮೊದಲು ಕುಂಯ್ ಅಂದಿತು. ಆಮೇಲೆ ಕಿರುಚಿತು. ಉಗುರಿನಿಂದ ಜಾಲರಿ ಕೆರೆಯಿತು. ಉಸಿರು ತೆಗೆದುಕೊಳ್ಳಲು ಒಂದು ಕ್ಷಣ ನಿಲ್ಲಿಸಿ ಮತ್ತೆ ಶುರು ಮಾಡಿತು.

ಓಬಳೇಶ ಕಿವಿಗೆ ಹತ್ತಿ ತುರುಕಿಕೊಂಡು ಗೋಡೆ ಕಡೆ ತಿರುಗಿ ಮಲಗಿದ. ನಿದ್ದೆ ಹತ್ತಲಿಲ್ಲ.

ಬೆಳಿಗ್ಗೆ ಮಾರಕ್ಕ, "ಎರಡು ದಿನ ಅತ್ತು ಸುಮ್ಮನಾಗುತ್ತೆ ಬಿಡಪ್ಪ. ಎಲ್ಲಾ ಮರಿನೂ ಹಾಗೇ," ಅಂದಳು.

ಎರಡನೇ ರಾತ್ರಿಯೂ ಅದು ಅತ್ತಿತು. ಮೂರನೇ ರಾತ್ರಿ ಓಬಳೇಶನಿಗೆ ತಡೆಯಲಾಗಲಿಲ್ಲ. ಎದ್ದು ಬಂದು, ಮೂಲೆಯಲ್ಲಿದ್ದ ಕೋಲು ತೆಗೆದುಕೊಂಡು ಜಾಲರಿಯ ಮೇಲೆ ರಪ್ಪೆಂದು ಬಡಿದ. ಕಬ್ಬಿಣ ಝಣ್ಣೆಂದಿತು.

ಮರಿ ತಟ್ಟನೆ ಬಾಯಿ ಮುಚ್ಚಿತು. ಬೆಳಗಾಗುವವರೆಗೂ ಮತ್ತೆ ದನಿ ಎತ್ತಲಿಲ್ಲ.

ಬೆಳಿಗ್ಗೆ ಅವನು ಅಮ್ಮನ ಮುಂದೆ ನಿಂತು, "ಆಯ್ತು ನೋಡಿ. ಮಲಗಿಸಿದೆ," ಅಂದ.

ಅಮ್ಮ ಗೂಡಿನ ಹತ್ತಿರ ಹೋಗಿ ಮಂಡಿಯೂರಿದರು. ಮರಿ ಹಿಂದಿನ ಮೂಲೆಗೆ ಅಂಟಿಕೊಂಡು ಕೂತಿತ್ತು. ಕಣ್ಣು ತೆರೆದೇ ಇತ್ತು. ಕೆಳಗೆ ಹಾಸಿದ್ದ ಗೋಣಿಯೆಲ್ಲ ಉಚ್ಚೆಯಿಂದ ಒದ್ದೆ. ಬಾಗಿಲು ತೆಗೆದರೂ ಅದು ಹೊರಗೆ ಬರಲಿಲ್ಲ.

"ಮಲಗಿತೋ, ಸುಮ್ಮನಾಯಿತೋ?" ಅಂದರು ಅಮ್ಮ.

"ಎರಡೂ ಒಂದೇ ಅಲ್ವಾ?"

ಅಮ್ಮ ನೆಲಕ್ಕೆ ಮೈ ಚೆಲ್ಲಿ, ತಲೆಯನ್ನೂ ಒಂದು ತೋಳನ್ನೂ ಗೂಡಿನೊಳಗೆ ತೂರಿಸಿದರು. ಸೀರೆಯ ಸೆರಗಿನಿಂದ ಒಳಗೆಲ್ಲ ಒರೆಸಿದರು. ಬಹಳ ಹೊತ್ತು ಹಾಗೇ ಬಿದ್ದುಕೊಂಡಿದ್ದರು. ಕೊನೆಗೆ ಮರಿ ಹೆಜ್ಜೆ ಮುಂದಿಟ್ಟು ಅವರ ಬೆರಳು ಮೂಸಿತು.

ಎಪ್ಪತ್ತಾರರ ಹೆಂಗಸು ನಾಯಿಗೂಡಿನಿಂದ ಹೊರಗೆ ಬರಲು ಒದ್ದಾಡುವುದನ್ನು ಓಬಳೇಶ ನೋಡಿದ. ಕೈ ಕೊಡಬೇಕು ಅನ್ನಿಸಿತು. ನಾಚಿಕೆ ಬಿಡಲಿಲ್ಲ. ಆ ನಾಚಿಕೆ ಅಲ್ಲೇ ಮತ್ತೆ ಸಿಟ್ಟಾಯಿತು.

"ಸದ್ದು ಬೇಡ ಅಂದರೆ ಸದ್ದು ನಿಲ್ಲಿಸಿದೆ. ಈಗ ಅದೂ ತಪ್ಪಾ? ಮೊದಲೇ ಹೇಳಿದೆ, ನನ್ನಿಂದ ಆಗಲ್ಲ ಅಂತ. ಈ ಕೆಲಸ ಬೇರೆ ಯಾರಿಗಾದರೂ ಕೊಡಿ."

ಅಮ್ಮನ ದನಿಯೂ ಏರಿತು. ಮಾರಕ್ಕ ಅದನ್ನು ಕೇಳಿದ್ದು ಅದೇ ಮೊದಲು.

"ಸದ್ದು ಬೇಡ ಅಂತ ನಾನೆಲ್ಲಿ ಹೇಳಿದೆ? ಮಲಗಿಸು ಅಂದೆ."

*

ನಾಲ್ಕನೇ ರಾತ್ರಿ ಓಬಳೇಶ ಚಿಲಕ ಹಾಕಲಿಲ್ಲ.

ಹಗಲೆಲ್ಲ ಯೋಚನೆ ಮಾಡಿ ಗಟ್ಟಿ ಮಾಡಿಕೊಂಡಿದ್ದ. ಬೋನು ಅಂದರೆ ಬೋನೇ. ಅಮ್ಮ ಅದಕ್ಕೆ ಏನು ಹೆಸರಿಟ್ಟರೂ ಅಷ್ಟೇ. ಮೂಕಪ್ರಾಣಿಯನ್ನು ಕೂಡಿಹಾಕುವುದು ಅನ್ಯಾಯ. ಅನ್ಯಾಯ ಅಂತ ಕಂಡ ಮೇಲೂ ಮಾಡಿದರೆ ತನಗೂ ಆ ಹಳೆಯ ಖಾಕಿಗೂ ಏನು ವ್ಯತ್ಯಾಸ?

ಗೂಡಿನ ಬಾಗಿಲು ತೆಗೆದಿಟ್ಟು, "ಹೋಗು, ನಿನಗಿಷ್ಟ ಬಂದ ಕಡೆ ಮಲಗು," ಅಂದ. ಕೋಣೆಗೆ ಹೋಗಿ ಮಲಗಿದ. ಎಷ್ಟೋ ದಿನದ ಮೇಲೆ ಒಳ್ಳೆಯ ನಿದ್ದೆ ಬಂತು.

ಎಚ್ಚರವಾದದ್ದು ತಂಬಿಗೆಯ ಸದ್ದಿಗೆ. ಯಾರೋ ಕಲ್ಲಿಗೆ ಹಿತ್ತಾಳೆ ತಂಬಿಗೆ ಬಡಿಯುತ್ತಿದ್ದರು. ಒಂದೇ ಸಮನೆ, ಹುಚ್ಚು ಹಿಡಿದವರ ಹಾಗೆ.

ಅವನು ಹೊರಗೆ ಓಡಿದ.

ಅಂಗಳದ ನಡುವೆ ಅಮ್ಮ ಕೂತಿದ್ದರು. ಒಂದು ಕೈಯಲ್ಲಿ ಸೆರಗಿನೊಳಗೆ ಅವಚಿಕೊಂಡ ಮರಿ. ಇನ್ನೊಂದು ಕೈಯಲ್ಲಿ ತಂಬಿಗೆ. ಎದುರಿಗೆ ಕಲ್ಲುಗೋಡೆಯ ಮೇಲೆ, ಹತ್ತು ಹೆಜ್ಜೆ ದೂರದಲ್ಲಿ, ಚಿರತೆ ಕೂತಿತ್ತು. ಅದಕ್ಕೆ ಅವಸರವೇ ಇರಲಿಲ್ಲ.

ಓಬಳೇಶ ಕೂಗಿದ. ಏನು ಕೂಗಿದನೋ ಅವನಿಗೇ ಗೊತ್ತಿಲ್ಲ. ಕೈಗೆ ಸಿಕ್ಕ ಬಕೆಟ್ಟನ್ನು ಎತ್ತಿ ಎಸೆದ. ಚಿರತೆ ಬಾಲವನ್ನೊಮ್ಮೆ ಆಡಿಸಿ ಗೋಡೆಯಾಚೆ ಇಳಿದುಹೋಯಿತು.

ಮಾರಕ್ಕ ಲಾಟೀನು ಹಿಡಿದು ಓಡಿಬಂದಳು. ಅಮ್ಮನ ಮೊಣಕೈ ತರಚಿ ರಕ್ತ ಸೋರುತ್ತಿತ್ತು. ಮರಿ ಅವರ ಕೋಣೆಯ ಬಾಗಿಲಿಗೆ ಬಂದು ಕೆರೆದಿತ್ತು. ಅವರು ಎದ್ದು ಹೊರಗೆ ಬರುವಷ್ಟರಲ್ಲಿ ಅಂಗಳಕ್ಕೆ ಇಳಿದಿತ್ತು. ಹಿಡಿಯಲು ಬಗ್ಗಿದಾಗ ಅಮ್ಮ ಬಿದ್ದಿದ್ದರು.

ಮಾರಕ್ಕ ತೆರೆದ ಗೂಡನ್ನು ನೋಡಿದಳು. ಓಬಳೇಶನನ್ನು ನೋಡಿದಳು.

"ಏನ್ ಮಾಡಿಬಿಟ್ಟೆಯೋ ಪುಣ್ಯಾತ್ಮ!"

ಕ್ಷಮಿಸಿ ಅನ್ನಬೇಕಾದ ಅವನ ಬಾಯಿಂದ ಬೇರೆಯೇ ಮಾತು ಬಂತು.

"ಒಳಗೆ ಹಾಕಿದರೂ ತಪ್ಪು. ಬಿಟ್ಟರೂ ತಪ್ಪು. ಹಾಗಾದರೆ ನಾನು ಏನು ಮಾಡಬೇಕಿತ್ತು? ಹೇಳಿ ಅಮ್ಮಾ, ಬಾಯಿ ಬಿಟ್ಟು ಹೇಳಿ!"

ಅಮ್ಮ ಉಸಿರು ಸುಧಾರಿಸಿಕೊಂಡರು.

"ಒಳಗೆ ಹಾಕಿ ಹೊರಟುಹೋದೆ. ಬಾಗಿಲು ತೆಗೆದು ಹೊರಟುಹೋದೆ. ಎರಡು ಸಲವೂ ನೀನು ಮಾಡಿದ್ದು ಒಂದೇ."

ಓಬಳೇಶ ನಿಂತಲ್ಲೇ ನಿಂತ. ಆಮೇಲೆ ಅಮ್ಮನೆದುರು ನೆಲದ ಮೇಲೆ ಕೂತ.

*

ಮಾರಕ್ಕ ಅರಿಶಿನ ತಂದು ಅಮ್ಮನ ಗಾಯಕ್ಕೆ ಮೆತ್ತುತ್ತಿದ್ದಳು. ಓಬಳೇಶ ಯಾರ ಮುಖವನ್ನೂ ನೋಡದೆ ಮಾತಾಡಿದ.

"ಪಾಲಯ್ಯ ಅಂತ ಒಬ್ಬ ಇದ್ದ. ಟೈಲರ್. ಅಣ್ಣನ ಜೊತೆ ಜಗಳದಲ್ಲಿ ಕೈ ಮಾಡಿದ ಅಂತ ತಂದು ಹಾಕಿದ್ದರು. ಎರಡು ಮಕ್ಕಳ ತಂದೆ. ಅವತ್ತಿನವರೆಗೂ ಪೊಲೀಸ್ ಸ್ಟೇಷನ್ ಮೆಟ್ಟಿಲೂ ಹತ್ತಿದವನಲ್ಲ."

ಅಮ್ಮ ಕೇಳುತ್ತಿದ್ದರು.

"ಮೊದಲ ರಾತ್ರಿ ಎಲ್ಲರೂ ಅಳ್ತಾರೆ. ನಾನು ಕೆಲಸಕ್ಕೆ ಸೇರಿದಾಗಲೇ ಹಳಬರು ಹೇಳಿಕೊಟ್ಟಿದ್ದರು. ಮೊದಲ ರಾತ್ರಿ ತಿರುಗಿ ನೋಡಬೇಡ, ನೋಡಿದರೆ ದಿನಾ ಕರೀತಾರೆ ಅಂತ. ನಾನು ಹತ್ತೊಂಬತ್ತು ವರ್ಷ ನೋಡಿರಲಿಲ್ಲ."

"ಅವನು ಏನಂದ?"

"'ಸಾರ್, ಸ್ವಲ್ಪ ಹೊತ್ತು ಇಲ್ಲೇ ನಿಂತ್ಕೊಳಿ ಸಾರ್,' ಅಂದ. ನೀರು ಕೇಳಲಿಲ್ಲ. ಬೀಡಿ ಕೇಳಲಿಲ್ಲ. ಬಿಡಿಸಿ ಅಂತಲೂ ಅನ್ನಲಿಲ್ಲ. ಅಷ್ಟೇ ಕೇಳಿದ್ದು."

"ನೀನು?"

"ನಡೆದೆ."

ಲಾಟೀನಿನ ಬೆಳಕಲ್ಲಿ ಹುಳುಗಳು ಸುತ್ತುತ್ತಿದ್ದವು.

"ಬೆಳಿಗ್ಗೆ ಬಾಗಿಲು ತೆಗೆದಾಗ ಅವನಿರಲಿಲ್ಲ ಅಮ್ಮಾ. ದೇಹ ಇತ್ತು. ತಾನೇ ಜೀವ ತೆಗೆದುಕೊಂಡಿದ್ದ. ಅಷ್ಟೊತ್ತಿಗೆ ಗೇಟಿನಲ್ಲಿ ಅವನ ಹೆಂಡತಿ ಬಂದು ನಿಂತಿದ್ದಳು. ಕೈಯಲ್ಲಿ ಟಿಫನ್ ಕ್ಯಾರಿಯರ್. ಒಳಗೆ ಏನಾಗಿದೆ ಅಂತ ಅವಳಿಗೆ ಗೊತ್ತಿಲ್ಲ. ನಾನು ಆ ಕ್ಯಾರಿಯರನ್ನ ಇಸ್ಕೊಂಡೆ. ಇಸ್ಕೊಂಡು, 'ಕೂತ್ಕೊಳಮ್ಮ, ಸಾಹೇಬರು ಬರ್ತಾರೆ,' ಅಂದೆ."

ಅವನು ಅಂಗೈಯಿಂದ ಮುಖ ಉಜ್ಜಿಕೊಂಡ. ದನಿ ಮತ್ತೆ ಗಡುಸಾಯಿತು.

"ವಿಚಾರಣೆ ಆಯ್ತು. ಗಂಟೆಗೊಂದು ಸಲ ರೌಂಡ್ ಹೋಗಿದ್ದೆ. ಪುಸ್ತಕದಲ್ಲಿ ನನ್ನ ಸಹಿ ಇತ್ತು. ವಾರ್ಡರ್ ಕಡೆಯಿಂದ ಯಾವ ಲೋಪವೂ ಆಗಿಲ್ಲ ಅಂತ ಬರೆದರು. ಸಾಹೇಬರು ಬೆನ್ನು ತಟ್ಟಿದರು. ಜೊತೆಯವರು ಟೀ ಕೊಡಿಸಿ, ಮನಸ್ಸಿಗೆ ಹಚ್ಕೋಬೇಡ ಅಂದರು. ನಮ್ಮಣ್ಣನಿಗೆ ಆ ಸಾವಿನ ವಿಷಯ ಅಷ್ಟಿಷ್ಟು ಗೊತ್ತಾಗಿ, ಅವನ ಹಣೆಬರಹ ಬಿಡು ಅಂದ. ಇಷ್ಟು ಜನ ಇದ್ದಾರಲ್ಲ ಅಮ್ಮಾ, ಇಷ್ಟು ಜನ! ಒಬ್ಬರಾದರೂ, ಒಬ್ಬರೇ ಒಬ್ಬರಾದರೂ, ತಪ್ಪು ನಿಂದು ಅನ್ನಬಾರದಿತ್ತಾ?"

"ತಪ್ಪು ನಿಂದು," ಅಂದರು ಅಮ್ಮ.

ಓಬಳೇಶ ತಲೆ ಎತ್ತಿದ.

"ಅವನು ನಿಲ್ಲು ಅಂದ. ನೀನು ನಿಲ್ಲಬೇಕಿತ್ತು. ನಿಲ್ಲಲಿಲ್ಲ. ತಪ್ಪು ನಿಂದೇ."

ಮಾರಕ್ಕನಿಗೆ ತಡೆಯಲಾಗಲಿಲ್ಲ. ಅರಿಶಿನದ ಬಟ್ಟಲನ್ನು ಕೆಳಗಿಟ್ಟಳು.

"ಇದೇನು ಮಾತು ಅಮ್ಮಾ? ಮೊದಲೇ ನೊಂದು ಬಂದವನಿಗೆ ಹೀಗನ್ನಬಹುದಾ? ನೀವು ಸಮಾಧಾನ ಹೇಳೋದು ಬಿಟ್ಟು..."

"ಸುಮ್ಮನಿರು ಮಾರಕ್ಕ. ಸಮಾಧಾನ ಅವನಿಗೆ ಎಲ್ಲರೂ ಕೊಟ್ಟಿದ್ದಾರೆ."

ಓಬಳೇಶ ಅತ್ತ. ಗಂಡಸರು ಮುಖ ಮರೆಸಿಕೊಂಡು ಅಳುವ ಹಾಗಲ್ಲ. ಬಾಯಿ ತೆರೆದು, ದನಿ ತೆಗೆದು, ನೆಲಕ್ಕೆ ಎರಡೂ ಕೈ ಊರಿ ಅತ್ತ.

ಅಮ್ಮ ಅವನ ಬೆನ್ನು ಸವರಲಿಲ್ಲ. ಸಾಕು ಅನ್ನಲಿಲ್ಲ. ಎದ್ದೂ ಹೋಗಲಿಲ್ಲ. ಗಾಯದ ಕೈಯನ್ನು ಮಡಿಲಲ್ಲಿಟ್ಟುಕೊಂಡು, ಅದು ಮುಗಿಯುವವರೆಗೂ ಪಕ್ಕದಲ್ಲಿ ಕೂತಿದ್ದರು. ಮರಿ ಅವರ ಸೆರಗಿನೊಳಗೆ ನಿದ್ದೆ ಹೋಗಿತ್ತು.

*

ಮರುದಿನ ಬೆಳಿಗ್ಗೆ ಓಬಳೇಶನೇ ಅಮ್ಮನ ಹತ್ತಿರ ಬಂದ. ಕಣ್ಣು ಊದಿಕೊಂಡಿತ್ತು. ಸಿಟ್ಟು ಪೂರ್ತಿ ಹೋಗಿರಲಿಲ್ಲ.

"ಏನು ಮಾಡಬೇಕು ಅಂತ ಇವತ್ತಾದರೂ ಹೇಳಿ."

"ಹಗಲೆಲ್ಲ ಗೂಡಿನ ಬಾಗಿಲು ತೆರೆದಿಡು. ಊಟ ಅದರೊಳಗೇ ಇಡು. ಬರಲಿ, ಹೋಗಲಿ."

"ಕೂಡಿಹಾಕೋ ಜಾಗಕ್ಕೆ ಊಟದ ಆಸೆ ತೋರಿಸೋದಾ? ಇದು ಮೋಸ ಅಲ್ವಾ?"

"ಉಂಡ ಜಾಗದ ಭಯ ಹೋಗುತ್ತೆ. ಮೋಸವೋ ಅಲ್ಲವೋ ಅದನ್ನೇ ಕೇಳು."

ಅಮ್ಮ ತಮ್ಮ ಹಳೆಯ ಸೀರೆಯೊಂದನ್ನು ಹರಿದು ಅರ್ಧ ಕೊಟ್ಟರು. ತೊಟ್ಟು ಬೆವರು ಹತ್ತಿದ ನಿನ್ನ ಬನಿಯನ್ನನ್ನೂ ಹಾಕು, ನಮ್ಮ ವಾಸನೆ ಇರಲಿ ಅಂದರು. ಎರಡನ್ನೂ ಅವನು ಗೂಡಿನಲ್ಲಿ ಹಾಸಿದ.

ಮರಿ ಬಾಗಿಲವರೆಗೂ ಬಂತು. ಕತ್ತು ಚಾಚಿ ಬಟ್ಟಲಿನಿಂದ ಒಂದು ತುತ್ತು ಕದ್ದು ಓಡಿಹೋಯಿತು. ಓಬಳೇಶ ಅದನ್ನು ಹಿಡಿಯಲಿಲ್ಲ, ಕರೆಯಲಿಲ್ಲ. ಬಿಸಿಲಲ್ಲಿ ಕೂತು ನೋಡುತ್ತಿದ್ದ. ಸಂಜೆಯ ಹೊತ್ತಿಗೆ ಅದು ನಾಲ್ಕೂ ಕಾಲು ಒಳಗಿಟ್ಟು ಉಂಡಿತು.

ಕತ್ತಲಾಗುವ ಮುಂಚೆ ಹೊಳೆಯ ದಂಡೆಯ ಮರಳಲ್ಲಿ ಅದನ್ನು ಚೆನ್ನಾಗಿ ಓಡಾಡಿಸಿದ. ಮಲಗುವ ಮುಂಚೆ ಅಂಗಳಕ್ಕೆ ಕರೆದೊಯ್ದು ಉಚ್ಚೆ ಮಾಡಿಸಿದ. ಗೂಡಿಗೆ ಬಿಟ್ಟು ಚಿಲಕ ಹಾಕಿದ.

ಆಮೇಲೆ ತನ್ನ ಚಾಪೆ ತಂದು ಗೂಡಿಗೆ ತಾಗಿಸಿ ಹಾಸಿಕೊಂಡ.

ಮರಿ ಅತ್ತಿತು. ಓಬಳೇಶನಿಗೆ ಎದ್ದು ಹೋಗಬೇಕು ಅನ್ನಿಸಿತು. ಹೋಗಲಿಲ್ಲ. ಜಾಲರಿಯ ಸಂದಿನಲ್ಲಿ ಎರಡು ಬೆರಳು ತೂರಿಸಿದ. ಮರಿ ಕಚ್ಚಿತು. ನೆಕ್ಕಿತು. ಮತ್ತೆ ಕಚ್ಚಿತು. ಕೊನೆಗೆ ಆ ಬೆರಳಿನ ಮೇಲೆ ಗಲ್ಲ ಊರಿ ಕಣ್ಣು ಮುಚ್ಚಿತು.

ಕೈ ಜೋಮು ಹಿಡಿಯಿತು. ಅವನು ಅಲುಗಾಡಿಸಲಿಲ್ಲ.

ರಾತ್ರಿ ಐದು ಸಲ ಎದ್ದ. ಬೆಳಿಗ್ಗೆ ಅಮ್ಮನೆದುರು ಕೂತಾಗ ಕಣ್ಣು ಎಳೆದುಕೊಂಡು ಹೋಗುತ್ತಿತ್ತು.

"ಕುಂಯ್ ಅಂದಾಗಲೆಲ್ಲ ಎದ್ದರೆ ನಾನು ಬದುಕಲ್ಲ ಅಮ್ಮಾ. ಮಾರಕ್ಕ ಬೇರೆ, ಹೀಗೆ ಮಾಡಿದರೆ ಅದು ತಲೆ ಮೇಲೆ ಕೂರುತ್ತೆ ಅಂತಾಳೆ."

"ಕರೆದಾಗ ಏಳು. ಗೊಣಗಿದಾಗ ಏಳಬೇಡ."

"ಕರೆಯೋದು ಯಾವುದು, ಗೊಣಗೋದು ಯಾವುದು? ಎರಡೂ ಒಂದೇ ಥರ ಇದೆ."

"ಕೇಳು."

"ನಿಮ್ಮನ್ನೇ ಕೇಳ್ತಿದೀನಲ್ಲ!"

"ನನ್ನನ್ನಲ್ಲ."

ಓಬಳೇಶ ಗೊಣಗಿಕೊಂಡೇ ಎದ್ದು ಹೋದ.

ಆದರೆ ಆ ರಾತ್ರಿ ಕೇಳಿದ. ಕತ್ತಲಲ್ಲಿ ಕಣ್ಣು ಬಿಟ್ಟುಕೊಂಡು, ಕಿವಿಯಷ್ಟೇ ಆಗಿ ಕೇಳಿದ. ಒಂದು ದನಿ ಸಣ್ಣಗೆ ಎದ್ದು, ಬಳುಕಿ, ತನ್ನಷ್ಟಕ್ಕೆ ಇಳಿಯಿತು. ನಿದ್ದೆಗೆ ಜಾರುವ ಮುಂಚಿನ ರಗಳೆ ಅದು. ಸುಮ್ಮನಿದ್ದ. ಬಹಳ ಹೊತ್ತಾದ ಮೇಲೆ ಇನ್ನೊಂದು ದನಿ ಬಂತು. ಚಿಕ್ಕದಾಗಿ, ತುಂಡುತುಂಡಾಗಿ, ಒಂದೊಂದರ ನಡುವೆ ನಿಲ್ಲಿಸಿ. ಉತ್ತರಕ್ಕೆ ಕಾಯುವವರು ಕೂಗುವ ಹಾಗೆ. ಅವನು ಎದ್ದು ಚಿಲಕ ತೆಗೆದ. ಮರಿ ಅಂಗಳಕ್ಕೆ ಓಡಿ ಉಚ್ಚೆ ಹೊಯ್ದಿತು. ಆಡಿಸಲಿಲ್ಲ, ಮಾತಾಡಿಸಲಿಲ್ಲ. ದೊಣ್ಣೆ ಹಿಡಿದು ಪಕ್ಕದಲ್ಲಿ ನಿಂತಿದ್ದು ತಿರುಗಿ ಒಳಗೆ ಬಿಟ್ಟ.

ಹತ್ತೊಂಬತ್ತು ವರ್ಷದಲ್ಲಿ ಎಷ್ಟು ದನಿಗಳಿದ್ದವೋ. ಅವನಿಗೆ ಅವೆಲ್ಲ ಒಂದೇ ಗದ್ದಲವಾಗಿ ಕೇಳಿದ್ದವು.

*

ಎಂಟನೆಯ ರಾತ್ರಿ ಮಾರಕ್ಕನ ತಾಳ್ಮೆ ಮುಗಿಯಿತು. ಮರಿ ಯಾಕೋ ರಂಪ ಮಾಡುತ್ತಿತ್ತು. ಅವಳು ಪೊರಕೆ ಹಿಡಿದು ಬಂದಳು.

"ಹಗಲೆಲ್ಲ ಒಲೆ ಮುಂದೆ ಬೇಯೋಳು ನಾನು. ರಾತ್ರಿ ಒಂದು ಗಳಿಗೆ ಕಣ್ಣು ಮುಚ್ಚೋದು ಬೇಡವಾ? ಒಂದು ಕೊಟ್ಟರೆ ಬಾಯಿ ಮುಚ್ಕೊಳುತ್ತೆ, ಸರಿ ಆಚೆ!"

ಓಬಳೇಶ ಗೂಡಿಗೆ ಅಡ್ಡ ನಿಂತ.

"ಮುಟ್ಟಿ ನೋಡು."

"ಓಹೋ! ಮೊನ್ನೆ ನೀನೇ ಕೋಲಿಂದ ಬಡೀಲಿಲ್ವಾ? ಇವತ್ತು ನನಗೆ ಬುದ್ಧಿ ಹೇಳೋಕೆ ಬಂದೆಯಾ?"

"ಬಡಿದೆ," ಅಂದ ಓಬಳೇಶ. "ತಪ್ಪು ನಂದು."

ಮಾರಕ್ಕ ಪೊರಕೆಯನ್ನು ಗೋಡೆಗೆ ಒರಗಿಸಿ ಮೆಟ್ಟಿಲ ಮೇಲೆ ಕೂತಳು.

"ಹೊಟ್ಟೆ ಗಿಟ್ಟೆ ನೋಯುತ್ತಾ ಏನೋ ನೋಡು. ಮಧ್ಯಾಹ್ನ ನಾನು ಒಂದಿಷ್ಟು ತುಪ್ಪದನ್ನ ಹಾಕಿದ್ದೆ," ಅಂದಳು ತುಸು ಹೊತ್ತಾದ ಮೇಲೆ.

ಹೊಟ್ಟೆಯೇ ಕೆಟ್ಟಿತ್ತು. ಇಬ್ಬರೂ ಸೇರಿ ಗೂಡು ತೊಳೆದರು.

ಅಲ್ಲಿಂದ ಮುಂದೆ ಓಬಳೇಶ ಎರಡು ಮೂರು ರಾತ್ರಿಗೊಮ್ಮೆ ಚಾಪೆಯನ್ನು ಒಂದು ಮೊಳ ದೂರ ಸರಿಸಿದ. ಮೊದಲು ಬೆರಳು ತಲುಪದಷ್ಟು. ಆಮೇಲೆ ಕಂಬದವರೆಗೆ. ಆಮೇಲೆ ಹೊಸಿಲು. ಮಧ್ಯೆ ಒಂದು ಸಲ ಅವಸರಪಟ್ಟು ಮೂರು ಮೊಳ ಸರಿಸಿದ. ಮರಿ ಕಿರುಚಿ ರಾದ್ಧಾಂತ ಮಾಡಿತು. ಚಾಪೆ ಹಿಂದಕ್ಕೆ ಬಂತು.

ಒಂದು ತಿಂಗಳಾಗುವಷ್ಟರಲ್ಲಿ ಚಾಪೆ ಅವನ ಕೋಣೆ ಸೇರಿತ್ತು. ದೀಪ ಆರಿಸುವ ಹೊತ್ತಿಗೆ ಮರಿ ತಾನೇ ಹೋಗಿ ಗೂಡಿನಲ್ಲಿ ಸುತ್ತುಹಾಕಿ ಮಲಗುತ್ತಿತ್ತು. ಓಬಳೇಶ ಬಂದು ಚಿಲಕ ಹಾಕುತ್ತಿದ್ದ. ಹಾಕಿದ ಮೇಲೆ ಒಂದಿಷ್ಟು ಹೊತ್ತು ನಿಲ್ಲುತ್ತಿದ್ದ. ಮರಿ ಕಣ್ಣು ಅರೆ ತೆರೆದು ನೋಡಿ ಮತ್ತೆ ಮುಚ್ಚುತ್ತಿತ್ತು.

ಮಾರಕ್ಕ, "ಗೆದ್ದೆ ಬಿಡು," ಅಂದಳು. ಅವನ ಮುಖದಲ್ಲಿ ಗೆದ್ದವನ ಕಳೆಯೇನೂ ಇರಲಿಲ್ಲ.

*

ಒಂದು ಬೆಳಿಗ್ಗೆ ಅಮ್ಮ ಹೊಳೆಯ ಮೆಟ್ಟಿಲ ಮೇಲೆ ಕಾಲು ಇಳಿಬಿಟ್ಟು ಕೂತಿದ್ದರು. ಓಬಳೇಶ ಬಂದು ಎರಡು ಮೆಟ್ಟಿಲು ಕೆಳಗೆ ಕೂತ.

"ಪಾಲಯ್ಯನ ಹೆಂಡತಿ ಇದ್ದಾಳೆ. ಬೋರಮ್ಮ ಅಂತ ಹೆಸರು. ಗಂಡನ ಮಿಷನ್ನಲ್ಲೇ ಹೊಲಿಗೆ ಹಾಕ್ಕೊಂಡು ಮಕ್ಕಳನ್ನ ಸಾಕ್ತಿದಾಳಂತೆ."

ಅಮ್ಮ ನೀರು ನೋಡುತ್ತಿದ್ದರು.

"ಆ ರಾತ್ರಿ ಅವನು ಏನು ಕೇಳಿದ ಅನ್ನೋದು ಅವಳಿಗೆ ಗೊತ್ತಿಲ್ಲ ಅಮ್ಮಾ. ರಿಪೋರ್ಟಿನಲ್ಲಿ ಅದಿಲ್ಲ. ನನಗೆ ಒಬ್ಬನಿಗೇ ಗೊತ್ತು. ಅವಳಿಗೆ ಕೊಟ್ಟ ಕಾಗದದಲ್ಲಿ, ಯಾರ ತಪ್ಪೂ ಇಲ್ಲ ಅಂತ ಇದೆ. ಎಂಥ ಅನ್ಯಾಯ ಇದು! ಅವಳು ತನ್ನನ್ನೇ ಬೈಕೊಂಡು ಕೂತಿರಬಹುದು. ಜಗಳದ ದಿನ ನಾನೇ ತಡೀಬೇಕಿತ್ತು, ವಕೀಲರನ್ನ ಬೇಗ ಹಿಡೀಬೇಕಿತ್ತು ಅಂತ. ಯಾರಿಗೂ ಅದರ ಚಿಂತೆ ಇಲ್ಲ."

"ನಿನಗಿದೆಯಲ್ಲ."

"ಹೋಗಿ ಹೇಳಿಬಿಡಲಾ?"

"ಯಾವಾಗ ಹೊರಡ್ತೀಯ?"

ಓಬಳೇಶನ ಮುಖ ಕೆಂಪಾಯಿತು.

"ನೀವು ಎಲ್ಲದಕ್ಕೂ ಇಷ್ಟು ಸುಲಭಕ್ಕೆ ಹೇಳಿಬಿಡ್ತೀರಿ. ನಾನು ಅವಳಿಂದ ಕ್ಯಾರಿಯರ್ ಇಸ್ಕೊಂಡವನು. ನನ್ನ ಮುಖ ಅವಳಿಗೆ ನೆನಪಿರುತ್ತೆ. ಬೈತಾಳೆ."

"ಬೈಸಿಕೊ."

"ಕೇರಿ ಜನರನ್ನೆಲ್ಲ ಸೇರಿಸಿ ಹೊಡೆಸಿದರೆ?"

"ಏಟು ತಿನ್ನು."

"ಇಷ್ಟು ದಿನ ಎಲ್ಲಿ ಸತ್ತಿದ್ದೆ ಅಂತ ಕೇಳಿದರೆ?"

"ಎಲ್ಲಿದ್ದೆಯೋ ಅದನ್ನೇ ಹೇಳು."

ಆಚೆ ದಡದಲ್ಲಿ ಯಾರೋ ಬಟ್ಟೆ ಒಗೆಯುತ್ತಿದ್ದರು.

"ಇದು ಯಾವುದೂ ಆಗಲಿಲ್ಲ ಅಂದ್ಕೊಳ್ಳಿ. ನನ್ನ ಮುಖ ಕಿಟಕಿಯಲ್ಲಿ ನೋಡಿ ಅವಳು ಬಾಗಿಲೇ ತೆಗೀಲಿಲ್ಲ. ಎಷ್ಟು ಕೂಗಿದರೂ ತೆಗೀಲಿಲ್ಲ. ಅಷ್ಟು ದೂರದಿಂದ ಹೋದವನು ನಾನು ಆಗ ಏನು ಮಾಡಲಿ?"

ಅಮ್ಮ ಆ ಬೆಳಿಗ್ಗೆ ಮೊದಲ ಸಲ ಅವನ ಕಡೆ ತಿರುಗಿದರು.

"ಕೂಗಬೇಡ ಓಬಳೇಶ. ಈ ಸಲ ಚಿಲಕ ಅವಳ ಕಡೆಗಿದೆ."